ಹತ್ತು ನಿಮಿಷಕ್ಕೊಮ್ಮೆ ಮಾತ್ರ ಎಚ್ಚರಗೊಳ್ಳುವ ಸೆನ್ಸರ್‌ನ ಬ್ಯಾಟರಿ ಮೂರೇ ವಾರಕ್ಕೆ ಮುಗಿಯುತ್ತಿದೆ. ಸ್ವಂತ ಬೋರ್ಡ್ ಮಾಡುವಾಗ ಏನನ್ನು ಗಮನಿಸಬೇಕು?

ನಿಮ್ಮ ಕೋಡ್ ಮೇಲೆ ಅನುಮಾನ ಬೇಡ. ಎಟಿಮೆಗಾ328ಪಿ ಎಂಬ ಮೈಕ್ರೋಕಂಟ್ರೋಲರ್ ಚಿಪ್, ಉಷ್ಣತೆ-ತೇವಾಂಶ-ಗಾಳಿಯೊತ್ತಡ ಅಳೆಯುವ ಬಿಎಂಇ280 ಸೆನ್ಸರ್, ಮೂರು ಎಎ ಸೆಲ್, ನಡುವೆ ವೋಲ್ಟೇಜನ್ನು ಇಳಿಸಿ ಸ್ಥಿರವಾಗಿಡುವ ಎಎಂಎಸ್1117 ರೆಗ್ಯುಲೇಟರ್ ಎಂದು ಬರೆದಿದ್ದೀರಿ. ಕಳ್ಳ ಆ ರೆಗ್ಯುಲೇಟರ್. ಏನೂ ಕೆಲಸವಿಲ್ಲದಿದ್ದರೂ ಅದು ಸುಮಾರು 5 ಮಿಲಿಆಂಪಿಯರ್ ನುಂಗುತ್ತಲೇ ಇರುತ್ತದೆ. 2500 ಮಿಲಿಆಂಪಿಯರ್-ಗಂಟೆಯ ಸೆಲ್ಲನ್ನು 5ರಿಂದ ಭಾಗಿಸಿ: 500 ಗಂಟೆ, ಅಂದರೆ 21 ದಿನ. ನಿಮ್ಮ ಮೂರು ವಾರ ಸಿಕ್ಕಿತಲ್ಲ! ಸೆನ್ಸರ್ ಓದುವ ಖರ್ಚು ಇದರ ಮುಂದೆ ಲೆಕ್ಕಕ್ಕೇ ಇಲ್ಲ. 50 ಮಿಲಿಸೆಕೆಂಡ್ ಕಾಲ 5 ಮಿಲಿಆಂಪಿಯರ್ ಎಂದರೂ ಹತ್ತು ನಿಮಿಷದ ಸರಾಸರಿ ಅರ್ಧ ಮೈಕ್ರೋಆಂಪಿಯರ್ ದಾಟುವುದಿಲ್ಲ.

ಹಾಗಾಗಿ ಹೊಸ ಬೋರ್ಡ್‌ನಲ್ಲಿ ರೆಗ್ಯುಲೇಟರನ್ನೇ ಇಡಬೇಡಿ. ಎರಡು ಎಎ ಸೆಲ್‌ಗಳನ್ನು ನೇರವಾಗಿ ಕೊಡಿ. ಗಡಿಯಾರದ ವೇಗವನ್ನು 4 ಮೆಗಾಹರ್ಟ್ಸ್‌ಗೆ ಇಳಿಸಿದರೆ ಚಿಪ್ 1.8 ವೋಲ್ಟ್‌ವರೆಗೂ ಓಡುತ್ತದೆ, ಬಿಎಂಇ280 ಕೂಡ 1.71ರವರೆಗೆ ತಾಳುತ್ತದೆ. ಪವರ್ ಎಲ್‌ಇಡಿಯ ಆಸೆ ಬಿಡಿ. ಚಿಪ್‌ನ ಪ್ರತಿ ವಿದ್ಯುತ್ ಪಿನ್ನಿನ ಪಕ್ಕದಲ್ಲೇ 100 ನ್ಯಾನೋಫ್ಯಾರಡ್ ಕೆಪಾಸಿಟರ್, ಕೆಳಪದರ ಪೂರ್ತಿ ಗ್ರೌಂಡ್. ಇದು ನಿಮಗೆ ಗೊತ್ತಿರುವುದೇ.

ನಾನು ಎಡವಿದ್ದು ಬೇರೆ ಕಡೆ. ಸ್ಲೀಪ್ ಮೋಡ್ ಇಲ್ಲದ, ಐ2ಸಿ ಎಂಬ ಎರಡು ಡೇಟಾ ತಂತಿಗಳ ಸಂಪರ್ಕದ ಒಂದು ಸೆನ್ಸರಿನ ವಿದ್ಯುತ್ತನ್ನು ಮಾಸ್‌ಫೆಟ್ ಎಂಬ ಎಲೆಕ್ಟ್ರಾನಿಕ್ ಸ್ವಿಚ್ಚಿನಿಂದ ಕಡಿಯುವಂತೆ ಬೋರ್ಡ್ ಮಾಡಿದ್ದೆ. ಕಡಿದ ಮೇಲೂ ಮಲ್ಟಿಮೀಟರ್ ಅದರ ವಿದ್ಯುತ್ ಪಿನ್ನಿನಲ್ಲಿ 2 ವೋಲ್ಟ್‌ಗೂ ಹೆಚ್ಚು ತೋರಿಸುತ್ತಿತ್ತು. ಮುಂಬಾಗಿಲು ಮುಚ್ಚಿ ಹಿತ್ತಿಲ ಬಾಗಿಲು ತೆರೆದಿಟ್ಟಿದ್ದೆ: ಡೇಟಾ ತಂತಿಗಳನ್ನು ಮೇಲಿನ ವೋಲ್ಟೇಜಿಗೆ ಎಳೆದು ಹಿಡಿಯುವ ಪುಲ್-ಅಪ್ ರೆಸಿಸ್ಟರ್‌ಗಳು ಬ್ಯಾಟರಿಗೇ ಅಂಟಿಕೊಂಡಿದ್ದವು, ಕರೆಂಟ್ ಡೇಟಾ ತಂತಿಗಳಿಂದ ಸೆನ್ಸರಿನೊಳಗಿನ ರಕ್ಷಣಾ ಡಯೋಡ್ ದಾಟಿ ಹರಿಯುತ್ತಿತ್ತು. ಬ್ಲೇಡಿನಿಂದ ತಾಮ್ರದ ಗೆರೆ ಕೆರೆದು, ಕೂದಲೆಳೆಯಂಥ ತಂತಿ ಬೆಸೆದು ಸರಿಪಡಿಸಿದೆ. ಪುಲ್-ಅಪ್‌ಗಳು ಯಾವಾಗಲೂ ಸ್ವಿಚ್ಚಿನ ಆಚೆ, ಸೆನ್ಸರಿನ ಬದಿಗಿರಲಿ, ಚಿಪ್ ಮಲಗುವ ಮುನ್ನ ಅದರ ಡೇಟಾ ಪಿನ್‌ಗಳ ಒಳಗಿನ ಪುಲ್-ಅಪ್ ಕೂಡ ಆರಿರಲಿ. ನಿಮ್ಮ ಬಿಎಂಇ280ಗೆ ಈ ರಗಳೆಯೇ ಬೇಡ. ಸ್ಲೀಪ್ ಮೋಡ್‌ನಲ್ಲಿ ಅದು ಎಳೆಯುವುದು 0.1 ಮೈಕ್ರೋಆಂಪಿಯರ್ ಅಷ್ಟೇ.

ಕರೆಂಟ್ ಅಳೆಯಲು, ಬ್ಯಾಟರಿಯ ದಾರಿಯಲ್ಲಿ ಎರಡು ಪಿನ್ನಿನ ಒಂದು ಜಂಪರ್‌ಗೆ (ಬೇಕಾದಾಗ ಕೀಳಬಹುದಾದ ಸಂಪರ್ಕ) ಖಂಡಿತ ಜಾಗ ಬಿಡಿ. ಮೀಟರಿನ ಮೈಕ್ರೋಆಂಪಿಯರ್ ಶ್ರೇಣಿಯಲ್ಲಿ ಅಳೆಯುವಾಗ ಚಿಪ್ ಎಚ್ಚೆತ್ತರೆ ಮೀಟರಿನೊಳಗೇ ವೋಲ್ಟೇಜ್ ಬಿದ್ದು ಚಿಪ್ ರೀಸೆಟ್ ಆಗುತ್ತದೆ. ಜಂಪರ್ ಹಾಕಿಯೇ ಆ ಎರಡು ಪಿನ್‌ಗಳಿಗೆ ಮೀಟರ್ ಜೋಡಿಸಿ, ಚಿಪ್ ಮಲಗಿದ ಮೇಲೆ ಜಂಪರ್ ಕೀಳಿ. ಹತ್ತು ನಿಮಿಷ ಎಣಿಸಲು ಚಿಪ್‌ನೊಳಗಿನ ವಾಚ್‌ಡಾಗ್ ಟೈಮರ್ ಅದನ್ನು 8 ಸೆಕೆಂಡಿಗೊಮ್ಮೆ ಕ್ಷಣಕಾಲ ತಟ್ಟಿ ಎಬ್ಬಿಸುವುದರಿಂದ ಅಷ್ಟರೊಳಗೆ ಓದಿಕೊಳ್ಳಬೇಕು. ವೋಲ್ಟೇಜ್ ಕುಸಿತವನ್ನು ಕಾಯುವ ಬ್ರೌನ್-ಔಟ್ ಪತ್ತೆಯನ್ನು ನಿದ್ದೆಯಲ್ಲಿ ಆರಿಸಿದ್ದರೆ ಐದಾರು ಮೈಕ್ರೋಆಂಪಿಯರ್ ಕಾಣಬೇಕು. 150ರ ಆಸುಪಾಸು ಕಂಡರೆ ಬ್ಯಾಟರಿ ವೋಲ್ಟೇಜ್ ಅಳೆಯಲು ಹಾಕಿದ 10 ಕಿಲೋಓಮ್‌ನ ರೆಸಿಸ್ಟರ್ ಜೋಡಿಯನ್ನು ಹುಡುಕಿ ಎರಡನ್ನೂ ಕಿತ್ತುಹಾಕಿ. ಚಿಪ್‌ನೊಳಗಿನ 1.1 ವೋಲ್ಟ್ ರೆಫರೆನ್ಸನ್ನು ಬ್ಯಾಟರಿಗೆ ಹೋಲಿಸಿ ಅಳೆದರೆ ಅದೇ ಲೆಕ್ಕ ಪುಕ್ಕಟೆ ಸಿಗುತ್ತದೆ.