ಆಟಗಾರ ಕುಸಿದು ಬಿದ್ರೆ ಮೊದ್ಲು ಓಡ್ಬೇಕಾದೋರು ಯಾರು? (ಓದುಗರ ಪ್ರಶ್ನೆ, ಡಾಕ್ಟರ್ ಉತ್ತರ)

ಪ್ರಶ್ನೆ: ದಿನಾ ಪ್ರಾಕ್ಟೀಸ್ ಮಾಡೋ ಗಟ್ಟಿಮುಟ್ಟಾದ ಹುಡುಗ್ರು ಆಡ್ತಾ ಆಡ್ತಾನೇ ಬಿದ್ದುಬಿಡ್ತಾರಲ್ಲ ಸಾರ್, ಅವ್ರಿಗೂ ಹಾರ್ಟ್ ಅಟ್ಯಾಕಾ?

ಉತ್ತರ: ಬಹಳ ಸಲ ಅಲ್ಲ. ಹೃದಯದ ಎಲೆಕ್ಟ್ರಿಕಲ್ ಸಿಗ್ನಲ್ ಕೆಟ್ಟು ಅದು ಬಡಿಯೋ ಬದ್ಲು ಸುಮ್ನೆ ಅದುರ್ತಾ ಇರುತ್ತೆ, ರಕ್ತ ಮುಂದಕ್ಕೆ ಹೋಗಲ್ಲ, ಇದು ಕಾರ್ಡಿಯಾಕ್ ಅರೆಸ್ಟ್. 35 ದಾಟಿದೋರಲ್ಲಿ ಹೆಚ್ಚಾಗಿ ರಕ್ತನಾಳದ ಬ್ಲಾಕೇ ಇದಕ್ಕೆ ಕಾರಣ, ಆದ್ರೆ ಚಿಕ್ಕವರಲ್ಲಿ ಹೃದಯದ ಗೋಡೆ ದಪ್ಪ ಆಗೋದು, ರಕ್ತನಾಳ ಹುಟ್ಟಿನಿಂದ್ಲೇ ತಪ್ಪು ಜಾಗದಲ್ಲಿರೋದು, ವೈರಲ್ ಜ್ವರದಿಂದ ಹೃದಯದಲ್ಲಿ ಊತ, ಇಂಥವು. 2003ರಲ್ಲಿ ಮೈದಾನದಲ್ಲೇ ಕುಸಿದು ತೀರಿಕೊಂಡ ಕ್ಯಾಮರೂನ್ ಆಟಗಾರ ಮಾರ್ಕ್-ವಿವಿಯನ್ ಫೊಯೆಗೆ ಇದ್ದದ್ದು ಆ ದಪ್ಪ ಗೋಡೆ ಕಾಯಿಲೆ. ಕಾಯಿಲೆನೇ ಇಲ್ಲದಿದ್ರೂ ಆಗ್ಬಹುದು, 2023ರ ಜನವರಿಲಿ ಅಮೆರಿಕನ್ ಫುಟ್‌ಬಾಲ್ ಆಟಗಾರ ಡಮಾರ್ ಹ್ಯಾಮ್ಲಿನ್‌ಗೆ ಎದೆಗೆ ಡಿಕ್ಕಿ ಬಿತ್ತು, ಎದ್ದು ನಿಂತ, ಮರುಕ್ಷಣವೇ ಹಿಂದಕ್ಕೆ ಬಿದ್ದ. ಹೃದಯಬಡಿತದ ಮಧ್ಯೆ ಒಂದು ಸಣ್ಣ ಗಳಿಗೆ ಇರುತ್ತೆ, ಸರಿಯಾಗಿ ಆಗ್ಲೇ ಏಟು ಬಿದ್ರೆ ಲಯ ತಪ್ಪುತ್ತೆ.

ಪ್ರಶ್ನೆ: ನಾನು ಕೋಚ್. ನಮ್ ಟೂರ್ನಮೆಂಟ್‌ಗೆ ಗೇಟ್ ಹತ್ರ ಆಂಬುಲೆನ್ಸ್ ನಿಲ್ಸಿರ್ತೀವಿ, ಸಾಕಲ್ವಾ?

ಉತ್ತರ: ಸಾಕಾಗಲ್ಲ. ಏನೂ ಮಾಡ್ದೆ ಕೂತ್ರೆ ಒಂದೊಂದು ನಿಮಿಷಕ್ಕೂ ಬದುಕೋ ಅವಕಾಶ ಹತ್ತತ್ರ 7ರಿಂದ 10 ಪರ್ಸೆಂಟ್ ಇಳೀತಾ ಹೋಗುತ್ತೆ. 2012ರಲ್ಲಿ ಇಟಲಿಯ ಪೆಸ್ಕಾರಾದಲ್ಲಿ ಮೊರೊಸಿನಿ ಅನ್ನೋ ಆಟಗಾರ ಬಿದ್ದಾಗ ಆಂಬುಲೆನ್ಸ್ ಇತ್ತು ಆದ್ರೆ ಒಳಗೆ ಬರೋ ದಾರಿಗೆ ಪೊಲೀಸ್ ಕಾರು ಅಡ್ಡ ನಿಂತಿತ್ತು, ಗಾಜು ಒಡೆದು ಕಾರು ಸರಿಸ್ಬೇಕಾಯ್ತು, ಹುಡುಗ ಉಳೀಲಿಲ್ಲ. 2021ರ ಯೂರೋ ಕಪ್‌ನಲ್ಲಿ ಡೆನ್ಮಾರ್ಕ್ ಫುಟ್‌ಬಾಲ್ ಆಟಗಾರ ಎರಿಕ್ಸನ್ ಯಾರೂ ಮುಟ್ಟದೇನೇ ಕುಸಿದಾಗ ಮೈದಾನದಲ್ಲೇ ಸಿಪಿಆರ್ (ಎದೆ ಒತ್ತಿ ರಕ್ತ ಓಡಿಸೋದು) ಶುರುವಾಯ್ತು, ಶಾಕ್ ಕೊಟ್ಟು ಹೃದಯದ ಲಯ ಸರಿಪಡಿಸೋ ಡಿಫಿಬ್ರಿಲೇಟರ್ ಕೈಗೆ ಸಿಕ್ತು, ಒಂದೇ ಶಾಕ್‌ಗೆ ವಾಪಸ್ ಬಂದ.

ಹಂಗಾಗಿ ನಿಮ್ಗೆ ಬೇಕಿರೋದು ಎಇಡಿ ಮಿಷನ್ನು (ಯಾರು ಬೇಕಾದ್ರೂ ಬಳಸ್ಬಹುದಾದ ಡಿಫಿಬ್ರಿಲೇಟರ್), ಮತ್ತೆ ಅದನ್ನ ಮುಟ್ಟೋಕೆ ಹೆದರದೇ ಇರೋ ನಾಲ್ಕು ಜನ. ಆಫೀಸ್ ರೂಮಲ್ಲಿಟ್ಟು ಬೀಗ ಹಾಕಿ ಕೀಲಿ ಸೆಕ್ರೆಟರಿ ಜೇಬಲ್ಲಿದ್ರೆ ಮಿಷನ್ ಇದ್ರೂ ಒಂದೇ ಇಲ್ದಿದ್ರೂ ಒಂದೇ! ಯಾರೂ ಮುಟ್ಟದೇ ಬಿದ್ದು ಮಾತಾಡಿಸಿದ್ರೂ ಏಳ್ತಿಲ್ಲ ಅಂದ್ರೆ ಕಾರ್ಡಿಯಾಕ್ ಅರೆಸ್ಟೇ ಅಂದ್ಕೊಂಡು ಓಡಿ. ಇಲ್ಲಿ ತುಂಬಾ ಜನ ಮೋಸ ಹೋಗ್ತಾರೆ, ಯಾಕಂದ್ರೆ ಬಿದ್ದೋನು ಒಂದ್ ನಿಮಿಷ ಆಗಾಗ ಬಾಯಿ ತೆಗೆದು ಗೊರ್ ಅಂತ ಎಳ್ಕೋತಾನೆ, ಕೈಕಾಲು ಜಾಡಿಸ್ತಾನೆ, ನೋಡಿದೋರು ಉಸಿರಾಡ್ತಿದಾನೆ ಇಲ್ಲಾ ಫಿಟ್ಸ್ ಬಂದಿದೆ ಅಂತ ನೀರು ಚಿಮುಕಿಸ್ತಾ ನಿಲ್ತಾರೆ. ಅದು ಉಸಿರಾಟ ಅಲ್ಲ. ಒಬ್ರು ಎದೆ ಮಧ್ಯ 5-6 ಸೆಂಟಿಮೀಟರ್ ಇಳಿಯೋ ಹಂಗೆ ನಿಮಿಷಕ್ಕೆ 100ರಿಂದ 120 ಸಲ ಒತ್ತಿ, ಇನ್ನೊಬ್ರು ಮಿಷನ್ ತನ್ನಿ, ಮತ್ತೊಬ್ರು ಫೋನ್ ಮಾಡಿ ಗೇಟ್ ಹತ್ರ ಹೋಗಿ. ಜೆರ್ಸಿ ಕತ್ತರಿಸಿ ಬೆವರು ಒರೆಸ್ದೆ ಮಿಷನ್ನಿನ ಪ್ಯಾಡ್ ಎದೆಗೆ ಅಂಟಿಸಿದ್ರೆ ಅದು ಜಾರುತ್ತೆ, ಅದಕ್ಕೇ ಡಬ್ಬದಲ್ಲಿ ಕತ್ತರಿ, ಟವೆಲ್ ಇಟ್ಟಿರಿ. ಮುಂದಿನದನ್ನ ಮಿಷನ್ನೇ ಬಾಯ್ಬಿಟ್ಟು ಹೇಳುತ್ತೆ, ಬೇಡದೋರಿಗೆ ಶಾಕ್ ಕೊಡೋದೂ ಇಲ್ಲ. ಸೀಸನ್ ಶುರುವಾಗೋ ಮುಂಚೆ ಒಂದ್ಸಲ ಸ್ಟಾಪ್‌ವಾಚ್ ಹಿಡಿದು ಡ್ರಿಲ್ ಮಾಡ್ನೋಡಿ, ಗ್ರೌಂಡಿನ ಆ ಮೂಲೆಗೆ ಮಿಷನ್ ಮೂರು ನಿಮಿಷದೊಳಗೆ ಬರ್ಲಿಲ್ಲ ಅಂದ್ರೆ ಇಟ್ಟಿರೋ ಜಾಗ ಬದಲಾಯಿಸಿ.

ಪ್ರಶ್ನೆ: ಮಗಳು ಅಥ್ಲೆಟಿಕ್ಸ್‌ಗೆ ಸೇರಿದಾಳೆ, ಇಸಿಜಿ ನಾರ್ಮಲ್ ಬಂದಿದೆ. ನಿಶ್ಚಿಂತೆಯಾಗಿರ್ಬಹುದಾ?

ಉತ್ತರ: ಒಳ್ಳೇದೇ, ಇಟಲಿ 1982ರಿಂದ ಸ್ಪರ್ಧೆಗೆ ಇಳಿಯೋರಿಗೆ ಅದನ್ನ ಕಡ್ಡಾಯ ಮಾಡಿದೆ. ಆದ್ರೆ ತಪ್ಪು ಜಾಗದಲ್ಲಿರೋ ರಕ್ತನಾಳ ಇಸಿಜಿಲಿ ಸಾಮಾನ್ಯವಾಗಿ ಕಾಣಲ್ಲ. ಓಡ್ತಾ ಇರೋವಾಗ್ಲೇ ತಲೆ ಸುತ್ತಿ ಬಿದ್ರೆ, ಎದೆ ಹಿಡಿದಂಗಾದ್ರೆ, ಮನೇಲಿ ಚಿಕ್ಕ ವಯಸ್ಸಿಗೇ ಯಾರಾದ್ರೂ ದಿಢೀರ್ ತೀರ್ಕೊಂಡಿದ್ರೆ, ರಿಪೋರ್ಟ್ ನಾರ್ಮಲ್ ಇದ್ರೂ ಕಾರ್ಡಿಯಾಲಜಿಸ್ಟ್ ನೋಡೋವರೆಗೂ ಓಡಿಸ್ಬೇಡಿ. ಜ್ವರ ಇದ್ದಾಗಂತೂ, ಕೋಚ್ ಎಷ್ಟೇ ಬೈದ್ರೂ, ರಜಾ ಹಾಕ್ಸಿ.