ಇಂಜಿನ್‌ಗಿಂತ ಮೊದಲು ಬ್ರೇಕ್ ಮಾಡಿಸಿ

1969ರ ಶೆವರ್ಲೆ ಸಿ10 ಪಿಕಪ್ ಸಿಕ್ಕಿದೆ, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್, ಮೊದಲು ದೊಡ್ಡ ವಿ8 ಇಂಜಿನ್ ಕೂರಿಸಲಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ಮೊದಲು ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್ ಹಾಕಿ.

ಸಿ10ಗೆ 1971ರಿಂದ ಕಂಪನಿಯೇ ಮುಂದೆ ಡಿಸ್ಕ್ ಕೊಡುತ್ತಿತ್ತು. ಆದರೆ ಒಂದು ತೊಡಕಿದೆ. ನಿಮ್ಮ ಚಕ್ರಕ್ಕೆ 6 ಬೋಲ್ಟ್, 1971ರ ಹಬ್‌ಗೆ (ಚಕ್ರ ಕೂರುವ ಭಾಗ) 5. ಮುಂದೆ ಮಾತ್ರ ಬದಲಿಸಿದರೆ ಒಂದೇ ಸ್ಟೆಪ್ನಿ ಎರಡೂ ಕಡೆ ಆಗುವುದಿಲ್ಲ. 6 ಬೋಲ್ಟ್‌ನ ಡಿಸ್ಕ್ ಕಿಟ್‌ಗಳೂ ಸಿಗುತ್ತವೆ. ಹಳೆ ರಿಮ್ ಇಷ್ಟವಿದ್ದರೆ ಆ ಕಿಟ್ಟನ್ನೇ ಕೊಳ್ಳಿ, ರಿಮ್ಮಿಗೆ ಕ್ಯಾಲಿಪರ್ (ಪ್ಯಾಡ್‌ಗಳನ್ನು ಡಿಸ್ಕ್‌ಗೆ ಒತ್ತುವ ಭಾಗ) ತಾಗುತ್ತಾ ಅಂತ ಮೊದಲೇ ಅಳೆದು ನೋಡಿ.

ಹಳೆ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಬ್ರೇಕ್ ಎಣ್ಣೆಯನ್ನು ಚಕ್ರಗಳ ಕಡೆಗೆ ತಳ್ಳುವ ಭಾಗ) ಸುಮ್ನೆ ಉಳಿಸಿಕೊಳ್ಳಬೇಡಿ. ಡ್ರಮ್‌ಗೆ ಮಾಡಿದ್ದರಲ್ಲಿ ಪೈಪಿನೊಳಗೆ ಸ್ವಲ್ಪ ಒತ್ತಡ ಹಿಡಿದಿಡುವ ವಾಲ್ವ್ ಇರುತ್ತದೆ. ಅದು ಡಿಸ್ಕ್ ಕಡೆಗೆ ಉಳಿದರೆ ಪ್ಯಾಡ್ ಸದಾ ಉಜ್ಜಿ ಬಿಸಿಯಾಗುತ್ತದೆ. ಡಿಸ್ಕ್-ಡ್ರಮ್ ಜೋಡಿಗೆ ಹೊಂದುವ ಸಿಲಿಂಡರ್ ಜೊತೆಗೆ ಪ್ರಪೋರ್ಷನಿಂಗ್ ವಾಲ್ವ್ (ಹಿಂದಿನ ಬ್ರೇಕ್‌ಗೆ ಹೋಗುವ ಒತ್ತಡ ತಗ್ಗಿಸುವ ವಾಲ್ವ್) ಕೂಡ ಹಾಕಿ. ಇಲ್ಲದಿದ್ದರೆ ಜೋರಾಗಿ ಬ್ರೇಕ್ ಒತ್ತಿದಾಗ ಹಿಂದಿನ ಚಕ್ರ ಮೊದಲು ಲಾಕ್ ಆಗಿ ಗಾಡಿ ತಿರುಗಬಹುದು, ಖಾಲಿ ಪಿಕಪ್‌ನಲ್ಲಿ ಇದು ಇನ್ನೂ ಜಾಸ್ತಿ. ರಬ್ಬರ್ ಹೋಸ್‌ಗಳೆಲ್ಲ ಹೊಸದಾಗಲಿ.

ಮನೆಯಲ್ಲೇ ಮಾಡುತ್ತೀರಿ ಅಲ್ವಾ? ಬರೀ ಜ್ಯಾಕ್ ನಂಬಿ ಗಾಡಿಯ ಕೆಳಗೆ ಹೋಗಬೇಡಿ. ಫ್ರೇಮ್‌ಗೆ ಗಟ್ಟಿ ಸ್ಟ್ಯಾಂಡ್ ಕೊಡಿ.