ವಾಸಾ: ಮುಳುಗಿಯೂ ಉಳಿದ ಹಡಗು

ಪ್ರಶ್ನೆ: ಸ್ವೀಡನ್ನಿನ ‘ವಾಸಾ’ ಯುದ್ಧನೌಕೆ ಮೊದಲ ಯಾನದಲ್ಲೇ ಮುಳುಗಿತಂತೆ. ಮುನ್ನೂರು ವರ್ಷ ನೀರಲ್ಲಿದ್ದರೂ ಮರ ಕೊಳೆಯಲಿಲ್ಲ ಏಕೆ?

ಉತ್ತರ: ಬಾಲ್ಟಿಕ್ ಸಮುದ್ರದಲ್ಲಿ ಉಪ್ಪು ಕಡಿಮೆ. ಹಾಗಾಗಿ ಮರ ಕೊರೆಯುವ ಹಡಗುಹುಳು ಅಲ್ಲಿ ಬಾಳುವುದಿಲ್ಲ. 1956ರಲ್ಲಿ, ಈ ಹಡಗನ್ನು ಹುಡುಕುತ್ತಿದ್ದ ಆಂಡರ್ಸ್ ಫ್ರಾನ್ಸೇನ್ ಹಗ್ಗಕ್ಕೆ ಕಟ್ಟಿ ಇಳಿಬಿಟ್ಟ ಉಪಕರಣದ ತುದಿಯಲ್ಲಿ ಕಪ್ಪಗಾದ ಓಕ್ ಮರದ ಚೂರು ಸಿಕ್ಕಿತು. ಒಂದೇ ಒಂದು ಚೂರು! ಅದನ್ನು ನೆನೆದರೆ ನನಗೆ ಈಗಲೂ ರೋಮಾಂಚನ. 1961ರಲ್ಲಿ ಹಡಗನ್ನೇ ಮೇಲೆತ್ತಿದರು. ಹಾಗೇ ಒಣಗಿದ್ದರೆ ಮರ ಸುಕ್ಕಿ ಬಿರಿಯುತ್ತಿತ್ತು. ಅದಕ್ಕೇ ಮರದೊಳಗಿನ ನೀರಿನ ಜಾಗ ತುಂಬುವ ಪಾಲಿಎಥಿಲೀನ್ ಗ್ಲೈಕಾಲ್ ಎಂಬ ಮೇಣದಂಥ ರಾಸಾಯನಿಕವನ್ನು 17 ವರ್ಷ ಸಿಂಪಡಿಸಿದರು. ಎಂಥ ತಾಳ್ಮೆ ಅಲ್ವಾ?

ಮುಳುಗಿದ ಕತೆ ಮಾತ್ರ ಸಂಕಟದ್ದು. ಎರಡು ಅಂತಸ್ತು ತುಂಬ ಭಾರದ ಫಿರಂಗಿಗಳು, ಮೇಲ್ಭಾಗದ ತೂಕ ಜಾಸ್ತಿ. ಹೊರಡುವ ಮುನ್ನ 30 ಜನರನ್ನು ಡೆಕ್ಕಿನ ಮೇಲೆ ಆ ಕಡೆಯಿಂದ ಈ ಕಡೆಗೆ ಓಡಿಸಿ ನೋಡಿದ್ದರು. ಮೂರನೇ ಓಟಕ್ಕೇ ಹಡಗು ಮಗುಚುವಂತಾಗಿ ಪರೀಕ್ಷೆ ನಿಲ್ಲಿಸಿದರು. ಆದರೂ ರಾಜನಿಗೆ ಅವಸರ. 1628ರ ಆಗಸ್ಟ್ 10ರಂದು ಸ್ಟಾಕ್‌ಹೋಮ್‌ನಿಂದ ಹೊರಟು ಸುಮಾರು 1,300 ಮೀಟರ್ ಹೋಗುವಷ್ಟರಲ್ಲಿ ಗಾಳಿಗೆ ವಾಲಿತು. ತೆರೆದಿದ್ದ ಫಿರಂಗಿ ಕಿಂಡಿಗಳಿಂದ ನೀರು ನುಗ್ಗಿತು. ಸುಮಾರು 30 ಜನ ಸತ್ತರು. ಗೊತ್ತಿದ್ದೂ ಕಳಿಸಿದರಲ್ಲ, ಅದನ್ನು ನನಗೆ ಕ್ಷಮಿಸಲಾಗುವುದಿಲ್ಲ.